ಚುಕ್ಕೆ ಮೇಲೇ ಇರಲಿ

ಜೂನ್ 14

ಪ್ರೀತಿಯ ಮಾವ,

ಮೊದಲು ಸಾರಿ. ಯಾಕೆ ಅಂತ ಕೇಳಬೇಡಿ, ಕಾಗದ ಬರೀತಿರೋದಕ್ಕೇ ಸಾರಿ. ಆ ದ್ವೀಪದಲ್ಲಿ ಆಮೆ ಕಾಯೋ ನಿಮಗೆ ನೂರೆಂಟು ಕೆಲಸ. ಬೋಟು ಬಂದ ದಿನ ಸಾಮಾನು ಇಳಿಸಿಕೊಳ್ಳೋದು ಬಿಟ್ಟು ಅಕ್ಕನ ಮಗಳ ಪುರಾಣ ಓದಿ ಅಂತ ಹೇಳೋಕೆ ನನಗೇ ನಾಚಿಕೆ. ಫೋನ್ ಹೋಗುತ್ತಿದ್ದರೆ ಎರಡು ಮಾತಲ್ಲಿ ಮುಗಿಸ್ತಿದ್ದೆ. ಜೊತೆಗೆ ನನ್ನ ಕನ್ನಡ ನಿಮಗೆ ಗೊತ್ತಲ್ಲ, ಒಂದನೇ ಕ್ಲಾಸಿನಿಂದ ಹಾಸ್ಟೆಲಲ್ಲಿ ಇಂಗ್ಲಿಷಲ್ಲೇ ಬೈಸಿಕೊಂಡು ಬೆಳೆದವಳು. ಎಲ್ಲಾದರೂ ಒತ್ತಕ್ಷರ ಬಿದ್ದುಹೋಗಿದ್ದರೆ ನೀವೇ ಎತ್ತಿಕೊಳ್ಳಿ.

ವಿಷಯ ಏನಂದರೆ ಆಮೆ ಮೊಟ್ಟೆಗಳು ತಲುಪಿದವು. ಬೋಟಿನವರು ಪೆಟ್ಟಿಗೆಯನ್ನ ಯಾರ ಕೈಗೂ ಕೊಡದೆ, ತುಂಬು ಬಸುರಿಯನ್ನ ನಡೆಸಿಕೊಂಡು ಬಂದ ಹಾಗೆ, ತಾವೇ ನಮ್ಮ ಕಾಲೇಜಿನ ಲ್ಯಾಬ್‌ವರೆಗೂ ತಂದರು. ಬಯಾಲಜಿ ಮ್ಯಾಡಂ ಹಿಂದಿನ ಕೋಣೆಯಲ್ಲಿ ದೊಡ್ಡ ಥರ್ಮಾಕೋಲ್ ಪೆಟ್ಟಿಗೆಗೆ ನೀವು ಕಳಿಸಿದ ಮರಳನ್ನೇ ತುಂಬಿ, ಮೊಟ್ಟೆಗಳನ್ನ ಪದರ ಪದರವಾಗಿ ಇಟ್ಟರು. ಒಂದು ಮೂಲೆಯಿಂದ ತಂತಿ ಇಳಿಸಿ, ಕೆಳಗಿನ ಪದರದ ನಡುವೆ ಥರ್ಮಾಮೀಟರ್. ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ, ಅದರಲ್ಲಿ ಬರೀ ಮರಳು, ಹೋಲಿಸಿ ನೋಡೋದಕ್ಕೆ. ಲ್ಯಾಬ್ ಅಣ್ಣ ಅದರ ಮೇಲೆ ‘ಬಾಡಿಗೆಗೆ ಇದೆ’ ಅಂತ ಚೀಟಿ ಅಂಟಿಸಿದ್ದಾರೆ.

ನೀವು ಮ್ಯಾಡಂಗೆ ನನ್ನ ಬಗ್ಗೆ ಏನು ಬರೆದಿರಿ ಮಾವ? “ನಿನ್ನ ಮಾವ ಹೇಳಿದ್ದಾರೆ, ಇದು ನಿನ್ನ ಜವಾಬ್ದಾರಿ” ಅಂತ ಕೋಣೆಯ ಕೀಲಿ ನನ್ನ ಕೈಗೇ ಕೊಟ್ಟರು! ಕಾಲೇಜಿಗೆ ಸೇರಿ ಇನ್ನೂ ಕ್ಯಾಂಟೀನ್ ಎಲ್ಲಿದೆ ಅಂತ ಸರಿಯಾಗಿ ಗೊತ್ತಿಲ್ಲ ನನಗೆ. ಅವರು ಈಗ ಸರ್ವೆ ಕೆಲಸಕ್ಕೆ ಹೊರಟರು, ಬರೋದು ಆಗಸ್ಟಿಗೆ. “ಮರಳು ಒಣಗದ ಹಾಗೆ ನೋಡ್ಕೋ, ಟೆಂಪರೇಚರ್ ನೋಡ್ಕೋ” ಅಂದರು. “ಅಷ್ಟೇನಾ ಮ್ಯಾಡಂ?” ಅಂದೆ. “ಅಷ್ಟೇ” ಅಂದರು. ಮಿಕ್ಕಿದ್ದು ನನಗೆ ಗೊತ್ತಿರುತ್ತೆ ಅಂದುಕೊಂಡಿರಬೇಕು.

ಗೊತ್ತೂ ಇದೆ. ಪ್ರತಿ ಮೊಟ್ಟೆಯ ನೆತ್ತಿಯ ಮೇಲೆ ಪೆನ್ಸಿಲಲ್ಲಿ ಒಂದು ಚುಕ್ಕೆ ಇಟ್ಟಿದ್ದೀರಲ್ಲ, ನೋಡಿದ ಕೂಡಲೇ ಅರ್ಥ ಆಯಿತು. ನಮ್ಮ ಸ್ಕೂಲಲ್ಲಿ ಕೋಳಿಮರಿ ಮಾಡಿಸೋ ಯಂತ್ರ ಇತ್ತು, ನೆನಪಿದೆಯಾ? ಅಲ್ಲೂ ಪೆನ್ಸಿಲ್ ಗುರುತೇ. ಆ ಯಂತ್ರಕ್ಕೆ ನಾನೇ ಲೀಡರ್. ನಾನು ಮುಟ್ಟಿದ್ದೆಲ್ಲ ಕೆಡುತ್ತೆ ಅಂತ ಹಾಸ್ಟೆಲಲ್ಲಿ ಹೆಸರು, ಆದರೆ ನನ್ನ ಕೋಳಿಮರಿಗಳು ಮಾತ್ರ ಕೆಡಲಿಲ್ಲ. ಆದ್ದರಿಂದ ನೀವು ಟೆನ್ಷನ್ ಮಾಡಿಕೊಳ್ಳಬೇಡಿ. ಟೆನ್ಷನ್ ಇಲಾಖೆ ನನ್ನದು.

ನಿಮ್ಮ,
ಗಡಿಬಿಡಿ


ಜೂನ್ 23

ಗಡಿಬಿಡಿ,

ಕಾಗದ ಬರೆದದ್ದಕ್ಕೆ ಸಾರಿ ಕೇಳಿದೆಯಲ್ಲ, ಕ್ಷಮಿಸೋದಿಲ್ಲ. ಇನ್ನೂ ಉದ್ದ ಬರೀಬೇಕಿತ್ತು. ಇಲ್ಲಿ ಮಾತಾಡೋಕೆ ಇರೋದು ಅಡುಗೆಯವನೊಬ್ಬ, ಅವನಿಗೆ ನಾನು ಹೇಳಿದ್ದೆಲ್ಲ ಬಾಯಿಪಾಠ ಆಗಿ, ನಾನು ಬಾಯಿ ತೆರೆದರೆ ಅವನೇ ಮುಂದಿನ ಸಾಲು ಹೇಳ್ತಾನೆ.

ಚುಕ್ಕೆ ನೋಡಿದ ಕೂಡಲೇ ಅರ್ಥವಾಯಿತು ಅಂದೆಯಲ್ಲ, ಆ ಸಾಲನ್ನ ಅವನಿಗೆ ಎರಡು ಸಲ ಓದಿ ತೋರಿಸಿದೆ. “ರಕ್ತ ಎಲ್ಲಿಗೆ ಹೋಗುತ್ತೆ ಹೇಳು” ಅಂದೆ. ಡಿಗ್ರಿ ಮುಗಿಸಿ ಬಂದವರಿಗೂ ಆ ಚುಕ್ಕೆ ಯಾಕೆ ಅಂತ ಬಿಡಿಸಿ ಹೇಳಬೇಕಾಗುತ್ತೆ ಕಣೇ. ನಿನ್ನ ಹತ್ತಿರ ಇರೋವರೆಗೆ ನನಗೆ ನಿದ್ದೆ ಬರುತ್ತೆ.

ಯಾರ ಮಕ್ಕಳನ್ನ ಕಾಯ್ತಿದ್ದೀಯ ಅಂತ ಹೇಳ್ತೀನಿ ಕೇಳು. ಇವಳು ಗಿಡುಗನ ಕೊಕ್ಕಿನ ಕಡಲಾಮೆ. ಬೇರೆ ಜಾತಿಯವು ಹಿಂಡುಹಿಂಡಾಗಿ ಬಂದು ಸಂತೆ ಕಟ್ಟುತ್ತವೆ. ಇವಳ ಜಾತಿ ಒಂಟಿಯಾಗಿ ಬರುತ್ತೆ, ಪೊದೆಯ ಮರೆ ನೋಡಿಕೊಳ್ಳುತ್ತೆ. ಹವಳದ ಸಂದಿಗೆ ಕೊಕ್ಕು ತೂರಿಸಿ ಸ್ಪಂಜು ಕಿತ್ತು ತಿನ್ನುತ್ತೆ. ಆ ಸ್ಪಂಜಿನ ತುಂಬ ಗಾಜಿನ ಸೂಜಿ. ನಾವು ತಿಂದರೆ ಕರುಳು ಹರಿದುಹೋಗುತ್ತೆ. ಇಷ್ಟು ಗಟ್ಟಿ ಹೊಟ್ಟೆಯವಳಿಗೆ ಶತ್ರು ಅವಳ ಚಿಪ್ಪೇ. ಚೆಂದ ಜಾಸ್ತಿ. ಬಾಚಣಿಗೆ ಮಾಡಿ, ಕನ್ನಡಕದ ಫ್ರೇಮು ಮಾಡಿ, ಜಾತಿಯನ್ನೇ ಬಾಚಿಬಿಟ್ಟರು ಜನ.

ನಾನು ಇವಳನ್ನ ಮೋಟಮ್ಮ ಅಂತೀನಿ. ಎಡಗಡೆಯ ಹಿಂಗಾಲು ಅರ್ಧ ಇಲ್ಲ, ಯಾವ ಶಾರ್ಕಿನ ಬಾಯಿಗೆ ಹೋಯಿತೋ. ಆಮೆ ಗುಂಡಿ ತೋಡೋದು ಹಿಂಗಾಲಿನಿಂದ, ಬಟ್ಟಲಲ್ಲಿ ಮೊಗೆದ ಹಾಗೆ, ಒಂದಾದ ಮೇಲೆ ಒಂದು. ಇವಳು ಬಲಗಾಲಲ್ಲಿ ಒಂದು ಬೊಗಸೆ ತೆಗೆದು ಆಚೆ ಹಾಕ್ತಾಳೆ. ಆಮೇಲೆ ಮೋಟುಗಾಲನ್ನ ಅಷ್ಟೇ ಶ್ರದ್ಧೆಯಿಂದ ಒಳಗೆ ಇಳಿಸಿ, ಏನೂ ಮೊಗೆಯದೆ, ಮೊಗೆದ ಹಾಗೇ ಆಚೆ ಎಸೀತಾಳೆ. ಮತ್ತೆ ಬಲಗಾಲು. ಮತ್ತೆ ಮೋಟು. ಸರದಿ ಮಾತ್ರ ತಪ್ಪಿಸಲ್ಲ. ನನಗೆ ನೋಡೋಕಾಗದೆ ಹಿಂದಿನಿಂದ ಕೈ ಹಾಕಿ ಮರಳು ತೆಗೆದುಕೊಡ್ತೀನಿ. ಆ ಸಹಾಯ ತನ್ನ ಮೋಟುಗಾಲಿನದೇ ಅಂದುಕೊಂಡು ಮುಂದುವರಿಸ್ತಾಳೆ.

ಈ ಸಲ ಇಟ್ಟ ಜಾಗಕ್ಕೆ ಅಲೆ ನುಗ್ಗುತ್ತಿತ್ತು, ದಂಡೆ ಅರ್ಧ ಕೊಚ್ಚಿಹೋಗಿದೆ. ಅದಕ್ಕೇ ಅಲ್ಲಿಗೆ ಕಳಿಸಿದ್ದು. ಇನ್ನೊಂದು ಕಾರಣವೂ ಇದೆ. ಗಂಡೋ ಹೆಣ್ಣೋ ಅಂತ ತೀರ್ಮಾನ ಮಾಡೋದು ಮರಳಿನ ಬಿಸಿ. ಬೆಚ್ಚಗಿದ್ದರೆ ಹೆಣ್ಣು, ತಂಪಿದ್ದರೆ ಗಂಡು. ಇಲ್ಲಿನ ಮರಳು ಕಾದು ಕಾದು ಹುಟ್ಟೋದೆಲ್ಲ ಹೆಣ್ಣೇ, ನಿನ್ನ ಹಾಸ್ಟೆಲ್ ಥರ. ನಿಮ್ಮ ತಂಪು ಕೋಣೆಯಲ್ಲಿ ಒಂದಷ್ಟು ಗಂಡು ಹುಟ್ಟಲಿ ಅಂತ ಆಸೆ. ತಂಪಲ್ಲಿ ಮರಿಯಾಗೋದು ತಡ, ಕಾಯಬೇಕು.

ಮೋಟಮ್ಮ ಈ ವರ್ಷ ಇನ್ನೂ ಒಂದೆರಡು ಸಲ ಇಡಬೇಕು. ಬಂದ ಕೂಡಲೇ ಬರೀತೀನಿ.

ನಿನ್ನ ಮಾವ


ಜುಲೈ 1

ಮಾವ,

ಮೋಟಮ್ಮನ ಕಥೆ ಲ್ಯಾಬ್ ಅಣ್ಣನಿಗೂ ಓದಿ ಹೇಳಿದೆ. “ನನ್ನ ಹೆಂಡತಿಯೂ ಹಾಗೇ, ಕೆಲಸ ನಾನು ಮಾಡ್ತೀನಿ, ಹೆಸರು ಅವಳದು” ಅಂದರು. ಆಮೇಲೆ ಅತ್ತಿತ್ತ ನೋಡಿ, “ಇದನ್ನ ಬರೀಬೇಡ” ಅಂದರು. ಸಾರಿ, ಬರೆದುಬಿಟ್ಟೆ.

ಈಗ ರಿಪೋರ್ಟ್. ಬೆಳಿಗ್ಗೆ ಕ್ಲಾಸಿಗೆ ಹೋಗೋ ಮುಂಚೆ, ಸಂಜೆ ಲ್ಯಾಬ್ ಮುಚ್ಚೋ ಮುಂಚೆ, ದಿನಕ್ಕೆ ಎರಡು ಸಲ ತಪ್ಪದೆ ತಿರುಗಿಸ್ತಿದ್ದೇನೆ. ಮೇಲಿನ ಮರಳನ್ನ ಬೆರಳಲ್ಲೇ ಸರಿಸಿ, ಒಂದೊಂದನ್ನೇ ಎತ್ತಿ, ಮೆಲ್ಲಗೆ ಮಗುಚಿ, ಮತ್ತೆ ಮುಚ್ಚುತ್ತೇನೆ. ನಿಮ್ಮ ಚುಕ್ಕೆ ಒಂದೇ ಕಡೆ ಇತ್ತಲ್ಲ, ಗೊಂದಲ ಬೇಡ ಅಂತ ಇನ್ನೊಂದು ಕಡೆ ನಾನು ಸೊನ್ನೆ ಬರೆದೆ. ಬೆಳಿಗ್ಗೆ ಚುಕ್ಕೆ ಮೇಲೆ, ಸಂಜೆ ಸೊನ್ನೆ ಮೇಲೆ. ಕೋಳಿ ಮೊಟ್ಟೆಗಿಂತ ಕಷ್ಟ, ಚಿಪ್ಪು ಮೆತ್ತಗಿರುತ್ತೆ, ಎಲ್ಲಿ ಕುಸಿದು ಹೋಗುತ್ತೋ ಅಂತ ಉಸಿರು ಹಿಡಿದುಕೊಂಡು ಮಾಡ್ತೇನೆ. ಹಾಸ್ಟೆಲಲ್ಲಿ ಉಳಿದವರು ಟಿವಿ ಕೋಣೆಯಲ್ಲಿದ್ದರೆ ನಾನು ಇಲ್ಲಿ. “ಆಮೆ ಅಜ್ಜಿ ಬಂದಳು” ಅಂತ ರೇಗಿಸ್ತಾರೆ. ರೇಗಿಸಲಿ.

ಒಂದೇ ಒಂದು ಡೌಟ್. ಕೆಲವು ಮೊಟ್ಟೆಗಳ ಮೇಲೆ ಬಿಳೀ ಸುಣ್ಣದ ಥರ ಒಂದು ಮಚ್ಚೆ ಬಂದಿತ್ತು. ಬೂಷ್ಟು ಅಂದುಕೊಂಡು ಒದ್ದೆ ಹತ್ತಿಯಲ್ಲಿ ಉಜ್ಜಿ ಒರೆಸಿದೆ. ಹೋಗಲಿಲ್ಲ. ಔಷಧಿ ಏನಾದರೂ ಹಾಕಬೇಕಾ?

ಮಾವ, ನಿಜ ಹೇಳಲಾ? ಇಲ್ಲಿ ಬಂದ ಮೇಲೆ ನಾನು ಸರಿಯಾಗಿ ಮಾಡ್ತಿರೋ ಕೆಲಸ ಇದೊಂದೇ.

ಗಡಿಬಿಡಿ


ಜುಲೈ 5

ಗಡಿಬಿಡಿ,

ಈ ಸಲ ಚಿಕ್ಕ ಕಾಗದ. ಗಾಳಿ ಜಾಸ್ತಿ ಇದೆ, ಬೋಟಿನವರು ನಿಲ್ಲೋಲ್ಲ ಅಂತಿದ್ದಾರೆ.

ಇಲ್ಲಿಂದ ಈ ವರ್ಷ ಇನ್ನು ಮೊಟ್ಟೆ ಬರೋದಿಲ್ಲ. ದಂಡೆ ಇಲ್ಲ, ಹಾಗಾಗಿ. ಆದ್ದರಿಂದ ನಿನ್ನ ಹತ್ತಿರ ಇರೋದು ಎಷ್ಟೋ ಅಷ್ಟೇ. ಜೋಪಾನ. ನಿನ್ನ ಮೇಲೆ ಭಾರ ಹಾಕ್ತಿದ್ದೀನಿ ಅಂದುಕೋಬೇಡ. ಸುಮ್ಮನೆ ಹೇಳಿದೆ.

ಟೆಂಪರೇಚರ್ ಎಷ್ಟಿದೆ ಅಂತ ಬರಿ. ಎಲ್ಲ ಸರಿ ಇದೆ ಅಂತ ಒಂದು ಸಾಲು ಬರೆದರೂ ಸಾಕು. ಅಡುಗೆಯವನೂ ಕೇಳ್ತಿರ್ತಾನೆ.

ನಿನ್ನ ಮಾವ


ಜುಲೈ 12

ಪ್ರೀತಿಯ ಮಾವ,

ನಿಮ್ಮ ಚಿಕ್ಕ ಕಾಗದ ಬಂತು. ನನ್ನ ಒಂದನೇ ತಾರೀಖಿನ ಕಾಗದ ಇನ್ನೂ ತಲುಪಿಲ್ಲ ಅನಿಸುತ್ತೆ, ಆ ಬೋಟು ತಪ್ಪಿರಬೇಕು. ಇಲ್ಲಾ, ತಲುಪಿದೆ, ಅದಕ್ಕೇ ಹೀಗೆ ಬರೆದಿದ್ದೀರಾ? “ಇರೋದು ಎಷ್ಟೋ ಅಷ್ಟೇ” ಅನ್ನೋ ಸಾಲನ್ನ ಕೋಪದಲ್ಲಿ ಓದಿ ನೋಡಿದೆ, ಪ್ರೀತಿಯಲ್ಲಿ ಓದಿ ನೋಡಿದೆ. ಎರಡೂ ಥರ ಓದಿಸಿಕೊಳ್ಳುತ್ತೆ.

ಟೆಂಪರೇಚರ್ ಸರಿಯಾಗಿದೆ. ಮರಳಿನ ತೇವ ಸರಿಯಾಗಿದೆ.

ನನ್ನ ಗೆಳತಿಯೊಬ್ಬಳು ಒಂದು ಪ್ರಶ್ನೆ ಕೇಳ್ತಿದ್ದಾಳೆ. ಅವಳಿಗೆ ಸುಮ್ಮನೆ ಕುತೂಹಲ ಅಷ್ಟೇ. ಅಕಸ್ಮಾತ್ ಯಾರಾದರೂ, ಗೊತ್ತಿಲ್ಲದೆ, ಆಮೆಯ ಮೊಟ್ಟೆಯನ್ನ ಕೋಳಿ ಮೊಟ್ಟೆಯ ಹಾಗೆ ತಿರುಗಿಸಿದರೆ ಏನಾಗುತ್ತೆ? ಲೈಬ್ರರಿಯಲ್ಲಿ ಒಂದು ದಪ್ಪ ಪುಸ್ತಕ ಇದೆ, ಸರೀಸೃಪಗಳದ್ದು. ಅದರಲ್ಲಿ ಒಂದು ಸಾಲು ಇದೆ. ಆ ಸಾಲು ತಪ್ಪಿರಬಹುದು, ಅಲ್ವಾ? ಹಳೇ ಪುಸ್ತಕ. ಹೊದಿಕೆ ಹರಿದಿದೆ. ಹಳೇ ಪುಸ್ತಕಗಳಲ್ಲಿ ಎಷ್ಟೋ ತಪ್ಪಿರುತ್ತೆ, ನಮ್ಮ ಲೆಕ್ಚರರೇ ಹೇಳಿದ್ದಾರೆ.

ಗೆಳತಿ ಕೇಳೋದು ಏನಂದರೆ, ಕೆಲವು ದಿನ ಮಾತ್ರ ತಿರುಗಿಸಿ ಆಮೇಲೆ ನಿಲ್ಲಿಸಿಬಿಟ್ಟರೆ? ಮೇಲಿನ ಪದರಗಳನ್ನ ಮಾತ್ರ ತಿರುಗಿಸಿದ್ದರೆ?

ಕ್ಯಾಂಟೀನಲ್ಲಿ ಕೂತು ಬರೀತಿದ್ದೇನೆ. ಗದ್ದಲ. ಅದಕ್ಕೇ ಅಕ್ಷರ ಹೀಗಿದೆ.

ಗಡಿಬಿಡಿ


ಜುಲೈ 19

ಎರಡು ಕಾಗದವೂ ಇವತ್ತೇ ಒಟ್ಟಿಗೆ ಬಂದವು. ಬೋಟು ಇನ್ನೂ ಕಟ್ಟಿದೆ, ಹೊರಡೋದರೊಳಗೆ ಇದನ್ನ ಕೊಡಬೇಕು.

ಕೈ ತೆಗೆ. ತೆಗೆದಿದ್ದರೆ ದೂರ ಇಟ್ಟುಕೋ.

ಕೋಳಿ ಕಾವಿಗೆ ಕೂತರೆ ಕೊಕ್ಕಿನಿಂದ ತಾನೇ ಮೊಟ್ಟೆ ತಿರುಗಿಸುತ್ತೆ. ತಿರುಗಿಸದಿದ್ದರೆ ಒಳಗಿನ ಜೀವ ಚಿಪ್ಪಿಗೆ ಅಂಟಿಕೊಂಡು ಸಾಯುತ್ತೆ. ಆಮೆ ಇಟ್ಟು, ಮುಚ್ಚಿ, ಹೊರಟುಹೋಗುತ್ತೆ. ತಿರುಗಿಸೋರು ಯಾರು? ಅದರ ಜೀವ ಅಂಟಿಕೊಂಡೇ ಬದುಕಬೇಕು. ಇಟ್ಟು ಸ್ವಲ್ಪ ಹೊತ್ತಿಗೆಲ್ಲ ಚಿಪ್ಪಿನ ನೆತ್ತಿಗೆ ಕಚ್ಚಿಕೊಳ್ಳುತ್ತೆ, ಅಲ್ಲಿಂದ ಉಸಿರಾಡುತ್ತೆ. ತಿರುಗಿಸಿದರೆ ಹರಿಯುತ್ತೆ. ಮೊದಲ ವಾರಗಳಲ್ಲೇ ಅಪಾಯ ಹೆಚ್ಚು. ನೀನು ತಿರುಗಿಸಿದ್ದೂ ಆ ವಾರಗಳಲ್ಲೇ.

ಬೂಷ್ಟು ಅಂತ ಉಜ್ಜಿದೆಯಲ್ಲ, ಅದು ಬೂಷ್ಟಲ್ಲ. ಜೀವ ಎಲ್ಲಿ ಕಚ್ಚಿಕೊಂಡಿದೆಯೋ ಅಲ್ಲಿ ಚಿಪ್ಪು ಬೆಳ್ಳಗಾಗುತ್ತೆ. ‘ನಾನಿದ್ದೀನಿ’ ಅಂತ ಅದು ಹೇಳೋದು ಅಷ್ಟೇ. ಅದನ್ನ ನೀನು ಒರೆಸೋಕೆ ಹೋದೆ.

ಚುಕ್ಕೆ ಇಟ್ಟದ್ದು ಮೇಲಿದ್ದದ್ದು ಮೇಲೇ ಇರಲಿ ಅಂತ. ಬೋಟಿನವರು ದಾರಿಯುದ್ದಕ್ಕೂ ಪೆಟ್ಟಿಗೆಯನ್ನ ತೊಡೆಯಿಂದ ಇಳಿಸಲಿಲ್ಲ. ಅಲೆ ಎತ್ತಿ ಹಾಕಿದರೂ ಬಿಡಲಿಲ್ಲ. ಅಷ್ಟು ದೂರ ಒಂದು ಮೊಟ್ಟೆಯೂ ಹೊರಳದೆ ಬಂದು, ನಮ್ಮ ಮನೆ ಹುಡುಗಿಯ ಕೈಯಲ್ಲೇ ಹೊರಳಬೇಕಾ?

ನಿನ್ನ ಗೆಳತಿಗೆ ಹೇಳು, ಅವಳ ಮಾವ ಇನ್ನೂ ಅಷ್ಟು ದಡ್ಡ ಆಗಿಲ್ಲ ಅಂತ.

ಬೋಟು ಕೂಗ್ತಿದೆ


ಜುಲೈ 28

ಮಾವ,

ಕಾಗದದ ಕೊನೆಯಲ್ಲಿ ‘ನಿನ್ನ ಮಾವ’ ಅಂತ ಇರಲಿಲ್ಲ. ಬೋಟು ಹೊರಟಿತ್ತು, ಟೈಮ್ ಇರಲಿಲ್ಲ ಅಂತ ಅಂದುಕೊಳ್ತೇನೆ. ಹಾಗೆ ಅಂದುಕೊಳ್ಳಬಹುದಾ?

ಗೆಳತಿ ಇಲ್ಲ. ನಾನೇ. ಎರಡು ವಾರಕ್ಕೂ ಹೆಚ್ಚು ದಿನ ತಿರುಗಿಸಿದೆ. ಪುಸ್ತಕದಲ್ಲಿ ಆ ಸಾಲು ಓದಿದ ದಿನ ನಿಲ್ಲಿಸಿದೆ. ಮೇಲಿನ ಎರಡು ಪದರ ಪೂರ್ತಿ ತಿರುಗಿಸಿದ್ದೇನೆ. ಕೆಳಗಿನ ಪದರಕ್ಕೆ ಕೈ ಹಾಕಲಿಲ್ಲ, ಅಲ್ಲಿ ಥರ್ಮಾಮೀಟರ್ ತಂತಿ ಇತ್ತು, ಕಿತ್ತುಹೋದರೆ ಮ್ಯಾಡಂ ಬೈತಾರೆ ಅಂತ ಭಯ. ಅವು ಉಳಿದಿದ್ದರೆ ನನ್ನ ಭಯದಿಂದ ಉಳಿದಿವೆ. ನಾನು ಧೈರ್ಯವಾಗಿ ಮಾಡಿದ್ದೆಲ್ಲ ಸತ್ತಿದೆ.

ಇವತ್ತು ಬೋಟಿನವರು ಕಾಗದ ಕೊಟ್ಟು ಹೋಗೋವಾಗ ಬಾಗಿಲಲ್ಲಿ ನಿಂತು, “ನಿಮ್ಮ ಮಾವನಿಗೆ ಸ್ವಲ್ಪ ಧೈರ್ಯ ಹೇಳಿ ಬರೀರಿ. ಆ ಮೋಟುಗಾಲಿನದು ಹೋದಾಗಿಂದ ಸರಿಯಾಗಿ ಊಟ ಮಾಡ್ತಿಲ್ಲ” ಅಂದರು. ನನಗೆ ಗೊತ್ತಿದೆ ಅಂದುಕೊಂಡಿದ್ದರು. ಗೊತ್ತಿರೋ ಹಾಗೇ ತಲೆ ಆಡಿಸಿದೆ. ಆಮೇಲೆ ಒಳಗೆ ಬಂದು ‘ಬಾಡಿಗೆಗೆ ಇದೆ’ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ.

ಯಾಕೆ ಹೇಳಲಿಲ್ಲ ಮಾವ? ದಂಡೆ ಇಲ್ಲ, ಹಾಗಾಗಿ ಅಂತ ಬರೆದಿರಿ. ನಾನು ಅದು ಕೋಪವಾ ಪ್ರೀತಿಯಾ ಅಂತ ಅಕ್ಷರ ಅಕ್ಷರ ಹಿಡಿದು ನೋಡ್ತಿದ್ದೆ. ಎರಡೂ ಆಗಿರಲಿಲ್ಲ.

ಹಾಗಾದರೆ ಇವು ಕೊನೆಯವು. ಅವಳ ಕೊನೆಯವು, ನಾನು ಮಗುಚಿದ್ದು.

ಕ್ಲಾಸಿಗೆ ಹೋಗ್ತಿಲ್ಲ. ಅಮ್ಮನಿಗೆ ಫೋನ್ ಮಾಡಿ ಇಲ್ಲಿಂದ ಕರೆದುಕೊಂಡು ಹೋಗು ಅಂತ ಹೇಳೋಣ ಅಂತ ನಂಬರ್ ಒತ್ತಿ, ಅವಳು “ಹಲೋ” ಅಂದಾಗ, “ಸೋಪು ಮುಗಿದಿದೆ” ಅಂತ ಹೇಳಿ ಇಟ್ಟೆ. ಬಯಾಲಜಿ ಓದೋ ಯೋಗ್ಯತೆ ನನಗಿಲ್ಲ. ಜೀವ ಇರೋ ಯಾವುದನ್ನೂ ನನ್ನ ಕೈಗೆ ಕೊಡಬಾರದು ಅಂತ ಎಲ್ಲಾದರೂ ಬರೆದು ಅಂಟಿಸಬೇಕು.

ಕೆಳಗಿನವನ್ನ ಏನು ಮಾಡಲಿ? ಮೇಲಿನ ಸತ್ತವನ್ನ ತೆಗೆದು ಕೆಳಗಿನವಕ್ಕೆ ದಾರಿ ಮಾಡಿಕೊಡಲಾ? ಹೇಳೋವರೆಗೂ ಮುಟ್ಟೋದಿಲ್ಲ. ಕೈಗಳನ್ನ ತೊಡೆಯ ಕೆಳಗೆ ಹಾಕಿಕೊಂಡು ಕೂರ್ತೇನೆ, ನಿಜವಾಗಲೂ.


ಆಗಸ್ಟ್ 6

ಗಡಿಬಿಡಿ,

ನಿನ್ನ ಮಾವ. ನಿನ್ನ ಮಾವ. ನಿನ್ನ ಮಾವ. ಹೋದ ಸಲದ್ದೂ ಸೇರಿಸಿ ಬರೆದಿದ್ದೀನಿ, ಲೆಕ್ಕ ಸರಿಹೋಯಿತಾ?

ಬೋಟು ಹೊರಟಿತ್ತು ಅನ್ನೋದು ಅರ್ಧ ನಿಜ. ಬರೆಯೋಕೆ ಮನಸ್ಸಿರಲಿಲ್ಲ ಅನ್ನೋದು ಇನ್ನರ್ಧ. ಬೋಟು ಕಣ್ಮರೆಯಾದ ಮೇಲೆ ಅಡುಗೆಯವನು, “ಚುಕ್ಕೆ ಇಟ್ಟಿರಲ್ಲ, ಯಾಕೆ ಅಂತ ಒಂದು ಸಾಲು ಬರೆದು ಅಂಟಿಸಿದ್ದಿರಾ?” ಅಂದ. ಅವನನ್ನ ಬೈದೆ. ಆಮೇಲೆ ದಂಡೆಗೆ ಹೋಗಿ ಕೂತೆ. ಬರೆದಿರಲಿಲ್ಲ ಕಣೇ. ನನಗೆ ಗೊತ್ತಿರೋದು ಎಲ್ಲರಿಗೂ ಗೊತ್ತು ಅಂದುಕೊಂಡು ಬದುಕೋ ರೋಗ ನನಗೆ, ಒಂಟಿ ಇರೋರಿಗೆ ಬರೋದು. ನೀನು ಅರ್ಥ ಆಯಿತು ಅಂದಾಗ ಏನು ಅರ್ಥ ಆಯಿತು ಅಂತ ಕೇಳಬೇಕಿತ್ತು. ಕೇಳಲಿಲ್ಲ, ಹೆಮ್ಮೆ ಪಟ್ಟೆ.

ಮೋಟಮ್ಮನ ವಿಷಯ. ಜುಲೈ ಶುರುವಿನಲ್ಲಿ ದಂಡೆಗೆ ಬಂದು ಬಿದ್ದಿದ್ದಳು. ಕತ್ತಿಗೆ ಬಲೆಯ ತುಂಡು. ಆಮೆ ಮೀನಲ್ಲ, ಉಸಿರಿಗೆ ನೀರಿನಿಂದ ಮೇಲೆ ಬರಬೇಕು. ಬಲೆ ಬಿಟ್ಟಿಲ್ಲ. ಗುರುತು ಹಿಡಿದದ್ದು ಆ ಕಾಲಿನಿಂದ. ನಿನಗೆ ಹೇಳಿದರೆ ಗಾಬರಿಯಲ್ಲಿ ಕೈ ನಡುಗುತ್ತೆ, ಮೊಟ್ಟೆ ಕಾಯೋಳ ಕೈ ನಡುಗಬಾರದು ಅಂತ ಮುಚ್ಚಿಟ್ಟೆ. ಆಗ ಆ ಕೈ ಏನು ಮಾಡ್ತಿತ್ತು ಅಂತ ನನಗೇನು ಗೊತ್ತು. ನೋಡು, ಇಬ್ಬರೂ ಒಬ್ಬರಿಗೊಬ್ಬರು ನೋವಾಗಬಾರದು ಅಂತ ಎಷ್ಟು ಚೆನ್ನಾಗಿ ಕೆಲಸ ಕೆಡಿಸಿದೆವು.

ಈಗ ಕೇಳು, ಇದು ಮುಖ್ಯ.

ಮೇಲಿನವನ್ನ ತೆಗೀಬೇಡ. ಅವುಗಳಲ್ಲಿ ಒಂದೆರಡು ಉಳಿದಿರಬಹುದು, ಉಳಿದಿಲ್ಲದೆಯೂ ಇರಬಹುದು. ಕೈ ಹಾಕಿದರೆ ಕೆಳಗಿನವೂ ಹೊರಳುತ್ತವೆ.

ನಡುವಿನ ಥರ್ಮಾಮೀಟರನ್ನ ಬರೀ ಮರಳಿನ ಪೆಟ್ಟಿಗೆಯ ಜೊತೆ ಹೋಲಿಸು. ಮರಿಗಳು ದೊಡ್ಡವಾದಷ್ಟೂ ಅವುಗಳ ಮೈಯಿಂದಲೇ ಗೂಡು ಬೆಚ್ಚಗಾಗುತ್ತೆ. ಬಾಡಿಗೆ ಮನೆಗಿಂತ ಆ ಮನೆ ಸ್ವಲ್ಪ ಬೆಚ್ಚಗಿದ್ದರೆ ಒಳಗೆ ಯಾರೋ ಇದ್ದಾರೆ ಅಂತ.

ಮರಿ ಮೊಟ್ಟೆ ಒಡೆದ ಕೂಡಲೇ ಮೇಲೆ ಬರೋದಿಲ್ಲ, ಒಳಗೇ ಒಂದೆರಡು ದಿನ ಇರುತ್ತೆ. ಒಡೆದ ಚಿಪ್ಪಿನಿಂದ ಜಾಗ ಆಗುತ್ತೆ, ಆಗ ಮೇಲಿನ ಮರಳು ಸ್ವಲ್ಪ ಕುಸಿಯುತ್ತೆ. ಅಂಗೈಯಲ್ಲಿ ಮೆಲ್ಲಗೆ ಒತ್ತಿದ ಹಾಗೆ ಒಂದು ತಗ್ಗು. ಆಮೇಲೆ ಒಟ್ಟಾಗಿ ಹತ್ತುತ್ತವೆ. ಮೇಲಿನದು ಛಾವಣಿ ಕೆರೆಯುತ್ತೆ, ಕೆಳಗಿನದು ಬಿದ್ದ ಮರಳನ್ನ ತುಳಿದು ಗಟ್ಟಿ ಮಾಡುತ್ತೆ. ಒಂದು ಸುಸ್ತಾಗಿ ನಿಂತರೆ ಕೆಳಗಿನದು ಒದ್ದು ಎಬ್ಬಿಸುತ್ತೆ. ಒಂಟಿ ಮರಿಗೆ ಹತ್ತೋದು ಬಹಳ ಕಷ್ಟ. ನಿನ್ನ ಕೆಳಗಿನ ಪದರದಲ್ಲಿ ಎಷ್ಟಿವೆಯೋ ಅಷ್ಟೇ ಸೇರಿ, ತಮ್ಮ ಒಡಹುಟ್ಟಿದವರ ನಡುವೆ ದಾರಿ ಬಿಡಿಸಿಕೊಂಡು ಬರಬೇಕು.

ಕೊಳೆತರೂ ಮರಳು ಕುಸಿಯುತ್ತೆ, ಅದನ್ನೂ ಹೇಳಿಬಿಡ್ತೀನಿ. ಈ ಸಲ ಏನೂ ಮುಚ್ಚಿಡಲ್ಲ.

ಬರೋಣ ಅಂದರೆ ಇಲ್ಲಿ ನನ್ನ ಬದಲಿಗೆ ನಿಲ್ಲೋರು ಇಲ್ಲ. ಕ್ಲಾಸಿಗೆ ಹೋಗು. ನಿನ್ನ ಅಮ್ಮನಿಗೆ ಸೋಪು ಕಳಿಸೋಕೆ ಹೇಳಿದ್ದೀಯ, ಆ ಪೆದ್ದಿ ಒಂದು ಡಜನ್ ಕಳಿಸ್ತಾಳೆ ನೋಡ್ತಿರು.

ನಿನ್ನ ಮಾವ


ಆಗಸ್ಟ್ 15

ಪ್ರೀತಿಯ ಮಾವ,

ಸೋಪು ಬಂತು. ಡಜನ್ನೇ.

ಮ್ಯಾಡಂ ಮೊನ್ನೆ ಬಂದರು. ಎಲ್ಲ ಹೇಳಿದೆ, ನಿಂತುಕೊಂಡೇ. ಅವರು ಬೈಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿ, “ಬೇರೇನೂ ಮಾಡಬೇಡ ಅಂತ ಬಾಯಿಬಿಟ್ಟು ಹೇಳಬೇಕಿತ್ತು ನಾನು” ಅಂದರು. ಮೂವರೂ ಅದನ್ನೇ ಹೇಳ್ತಿದ್ದೇವೆ ಈಗ. ಆ ಒಂದು ಸಾಲನ್ನ ಜೂನಲ್ಲಿ ಯಾರಾದರೂ ಒಬ್ಬರು ಹೇಳಿದ್ದರೆ ಸಾಕಿತ್ತು.

ಕೋಣೆಯಲ್ಲಿ ವಾಸನೆ ಶುರುವಾಗಿದೆ. ಮೇಲಿನ ಪದರದ್ದು ಅಂತ ಮ್ಯಾಡಂ ಹೇಳಿದರು. ಲ್ಯಾಬ್ ಅಣ್ಣ ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಗುಡಿಸ್ತಾರೆ. ನಾನು ಕಟ್ಟಿಕೊಳ್ಳೋದಿಲ್ಲ.

ಥರ್ಮಾಮೀಟರ್ ಹೋಲಿಸಿದೆ. ನಮ್ಮ ಪೆಟ್ಟಿಗೆ ಬಾಡಿಗೆ ಮನೆಗಿಂತ ಬೆಚ್ಚಗಿದೆ ಮಾವ! ಒಂದು ಡಿಗ್ರಿಗಿಂತ ಜಾಸ್ತಿ. ಕೂಗಿಕೊಂಡು ಲ್ಯಾಬ್ ಅಣ್ಣನನ್ನ ಕರೆದೆ. ಅವರು ನೋಡಿ, “ಗೊಬ್ಬರದ ಗುಂಡಿಯೂ ಬಿಸಿಯಾಗುತ್ತಮ್ಮ” ಅಂದರು. ಹೇಳಿದ ಮೇಲೆ ಅವರಿಗೇ ಬೇಜಾರಾಗಿ, ಕೇಳದೆ ಟೀ ತಂದುಕೊಟ್ಟರು.

ಸೋಮವಾರ ಪೆಟ್ಟಿಗೆ ತೆರೆದು ನೋಡೋಣ ಅಂತ ಮ್ಯಾಡಂ ಹೇಳಿದ್ದಾರೆ. ಕೊಳೆತದ್ದು ಕೆಳಗೆ ಇಳಿದರೆ, ಕೆಳಗೆ ಜೀವ ಇದ್ದರೂ ಸಾಯುತ್ತೆ, ಆದ್ದರಿಂದ ಮೇಲಿನದನ್ನ ತೆಗೆಯೋದೇ ಒಳ್ಳೇದು ಅಂತಾರೆ. ಅದು ತಪ್ಪು ಮಾತೂ ಅಲ್ಲ. ನೀವು ತೆಗೀಬೇಡ ಅಂತೀರಿ, ಅದೂ ತಪ್ಪಲ್ಲ. ನಿಮ್ಮ ಕಾಗದ ತೋರಿಸಿದೆ. ಓದಿ, “ಇದು ಅವರು ವಾಸನೆ ಶುರುವಾಗೋ ಮುಂಚೆ ಬರೆದದ್ದು. ಈಗಲೂ ಕಾಯಿರಿ ಅಂತ ಅವರು ಹೇಳಿದರೆ ಕಾಯ್ತೀನಿ, ಮೊಟ್ಟೆ ಕಳಿಸಿದವರು ಅವರು” ಅಂದರು. “ಸೋಮವಾರದೊಳಗೆ ಮಾವನ ಉತ್ತರ ಹೇಗೆ ಬರುತ್ತೆ ಮ್ಯಾಡಂ?” ಅಂದೆ.

ಇಷ್ಟು ಬರೆದು, ಕಾಗದ ಮಡಿಸಿ, ಬೋಟಿನವರಿಗೆ ಕೊಡೋಕೆ ಹೊರಟೆ. ಹೋಗೋ ಮುಂಚೆ ಒಂದು ಸಲ ಒಳಗೆ ಇಣುಕಿದೆ. ಅದಕ್ಕೇ ಮತ್ತೆ ಬಿಡಿಸಿ ಬರೀತಿದ್ದೇನೆ. ನಿಂತುಕೊಂಡು ಬರೀತಿದ್ದೇನೆ, ಸಾರಿ.

ಮರಳು ಕುಸಿದಿದೆ.

ನಡುವಿನಲ್ಲಿ ಅಲ್ಲ, ತಂತಿ ಇಳಿಯೋ ಕಡೆ, ಒಂದು ಮೂಲೆಗೆ. ನೀವು ಬರೆದ ಹಾಗೇ, ಅಂಗೈಯಲ್ಲಿ ಒತ್ತಿದ ಹಾಗೆ. ಬೆಳಿಗ್ಗೆ ಇರಲಿಲ್ಲ. ಲ್ಯಾಬ್ ಅಣ್ಣನನ್ನ ಕೇಳಿದೆ, ಅವರು ಮುಟ್ಟಿಲ್ಲ ಅಂತ ಮಗಳ ಮೇಲೆ ಆಣೆ ಮಾಡಿದರು. ಮ್ಯಾಡಂ ಬಂದು ಬಗ್ಗಿ ನೋಡಿದರು. “ಇದು ಎರಡರಲ್ಲಿ ಯಾವುದಾದರೂ ಆಗಿರಬಹುದು, ಮಗು” ಅಂದರು. ಆದರೆ ಅವರ ದನಿ ಸಣ್ಣಗಾಗಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಅನ್ನೋ ಹಾಗೆ.

ನನ್ನ ಬೆರಳುಗಳಿಗೆ ಆ ತಗ್ಗು ಎಷ್ಟು ಹತ್ತಿರ ಇದೆ ಅಂದರೆ ಹೇಳೋಕಾಗಲ್ಲ. ಮೇಲಿನ ಒಂದು ಪದರ ಮರಳು ಸರಿಸಿದರೆ ಗೊತ್ತಾಗಿಬಿಡುತ್ತೆ. ಒಳಗೆ ಅವು ಹತ್ತೋಕೆ ನೋಡ್ತಾ, ನಾನು ಕೊಂದವುಗಳ ಕೆಳಗೆ ಸಿಕ್ಕಿಕೊಂಡಿದ್ದರೆ? ಅಥವಾ ಒಳಗೆ ಯಾರೂ ಇಲ್ಲದೆ, ನಾನು ಸುಮ್ಮನೆ ನಿಂತು ಕಾಯ್ತಿದ್ದರೆ? ಎರಡೂ ಸಲ ನನ್ನ ಕೈ ಮುಂದೆ ಹೋಯಿತು. ಎರಡೂ ಸಲ ಹಿಂದೆ ತಗೊಂಡೆ. ಈಗ ಒಂದು ಕೈಯಲ್ಲಿ ಪೆನ್ನು ಇದೆ, ಇನ್ನೊಂದರಲ್ಲಿ ಕಾಗದ ಹಿಡಿದಿದ್ದೇನೆ, ಅದಕ್ಕೇ ಇಷ್ಟು ಬರೀತಿದ್ದೇನೆ.

ಮೋಟಮ್ಮ ಮೋಟುಗಾಲಿನ ಸರದಿ ಬಂದಾಗ ಏನೂ ಮೊಗೆಯದಿದ್ದರೂ ಮೊಗೆದ ಹಾಗೆ ಎಸೀತಿದ್ದಳು ಅಂದಿರಲ್ಲ. ಇದೂ ಹಾಗೇ. ನಿಮ್ಮ ಉತ್ತರ ಬರೋ ಹೊತ್ತಿಗೆ ಸೋಮವಾರ ಕಳೆದಿರುತ್ತೆ, ಏನಾಗಬೇಕೋ ಆಗಿರುತ್ತೆ, ಅದು ನನಗೂ ಗೊತ್ತು. ಆದರೂ ಕೇಳ್ತಿದ್ದೇನೆ. ಅವು ಹೊರಗೆ ಬಂದರೆ ತಡ ಮಾಡದೆ ಸಮುದ್ರಕ್ಕೆ ಬಿಡಬೇಕಾ, ಯಾವ ದಂಡೆಯಲ್ಲಿ ನಡೆಸಬೇಕು, ನಾನು ಎತ್ತಿಕೊಳ್ಳಬಹುದಾ ಅಥವಾ ಬೇರೆ ಯಾರಾದರೂ ಎತ್ತಿಕೊಳ್ಳಬೇಕಾ, ಅದನ್ನ ಬರೀರಿ. ಬರದಿದ್ದರೆ ಏನು ಮಾಡಬೇಕು ಅಂತಲೂ ಬರೀರಿ. ಮ್ಯಾಡಂಗೆ ಎರಡು ಸಾಲು ಬೇರೆಯಾಗಿ ಬರೀರಿ.

ಬೋಟಿನವರು ಕಾಯ್ತಿದ್ದಾರೆ. ಈ ಸಲ ಅವರು ವಾಪಸ್ ಹೊರಡೋ ಮುಂಚೆಯೇ, ಅಲ್ಲೇ ನಿಂತು, ದಯವಿಟ್ಟು ಬೇಗ ಉತ್ತರ ಬರೀರಿ.

ಗಡಿಬಿಡಿ